ನಾಲ್ಕಡಿ ಹಿಂದೆ ಸರಿದ ನಗರ

ಭೂಗೋಳ ಒಮ್ಮೆ ಲಾರಿ ರಿವರ್ಸ್ ತೆಗೆಯುವ ಭರದಲ್ಲಿ ಒಂದು ಇಡೀ ನಗರವನ್ನು ನಾಲ್ಕಡಿ ಹಿಂದಕ್ಕೆ ತಳ್ಳಿಬಿಟ್ಟಿದ್ದ. ಹದಿನಾರು ಚಕ್ರದ ಲಾರಿ, ಬೆನ್ನ ಮೇಲೆ ಬೆಟ್ಟದಷ್ಟು ಸಿಮೆಂಟು, ಕಣ್ಣು ಕಟ್ಟಿದಂಥ ಮುಂಜಾನೆಯ ಮಂಜು. ಬ್ರೇಕು ತುಳಿಯುವಷ್ಟರಲ್ಲಿ ನಗರ ಸರಿದಾಗಿತ್ತು. ಗಡಿಯಾರದ ಗೋಪುರ ಎರಡು ಸಲ ತಪ್ಪು ಗಂಟೆ ಹೊಡೆದು ನಾಚಿ ಸುಮ್ಮನಾಯಿತು. ಮೇಯರು ಮಂಚದಿಂದ ಕೆಳಗುರುಳಿ, ಯಾರಪ್ಪಾ ಅದು ಎಂದು ಕೂಗಿದರು. ಅಂದಿನಿಂದ ಆ ನಗರದ ಮುಖ್ಯ ಬೀದಿ ನಡುಮಧ್ಯದಲ್ಲಿ ಕೊಂಚ ಸೊಟ್ಟ. ನಂಬದವರು ಹೋಗಿ ನೋಡಿಕೊಂಡು ಬರಬಹುದು ಎಂದು ಭೂಗೋಳ ಎದೆ ತಟ್ಟಿ ಹೇಳುತ್ತಿದ್ದ. ಯಾರೂ ಹೋಗಿ ನೋಡಿರಲಿಲ್ಲ. ಅವನ ಧೈರ್ಯವೆಲ್ಲ ಇದ್ದದ್ದು ಅಲ್ಲೇ.

ಭೂಗೋಳ ಎನ್ನುವುದು ಬೀದಿಯವರು ಇಟ್ಟ ಹೆಸರು. ನಿಜವಾದ ಹೆಸರು ಅವನ ಡ್ರೈವಿಂಗ್ ಲೈಸೆನ್ಸಿಗೆ ಬಿಟ್ಟರೆ ಇನ್ನಾರಿಗೂ ನೆನಪಿರಲಿಲ್ಲ. ಇಪ್ಪತ್ತಾರು ವರ್ಷ ಲಾರಿ ಓಡಿಸಿದ್ದ, ಹದಿನೇಳು ನಗರ ಕಂಡಿದ್ದ. ಒಂದು ನಗರದಲ್ಲಿ ಬೀದಿನಾಯಿಗಳು ಪೇಪರು ಓದದೆ ಬೊಗಳುವುದಿಲ್ಲ, ಇನ್ನೊಂದರಲ್ಲಿ ಮೆಟ್ಟಿಲು ಎಷ್ಟೆಂದರೆ ಕೆಳಗಿನ ಮನೆಯಲ್ಲಿ ಹುಟ್ಟಿದ ಕೂಸು ಮಹಡಿ ತಲುಪುವಷ್ಟರಲ್ಲಿ ಮೀಸೆ ಬಂದಿರುತ್ತದೆ. ಕೇಳುವವರು ನಗುತ್ತಿದ್ದರು, ಲಾರಿ ಓಡಿಸೋನು ರೈಲು ಬಿಡ್ತಾನೆ ಎಂದು ಹಿಂದಿನಿಂದ ಆಡಿಕೊಳ್ಳುತ್ತಿದ್ದರು, ಮರುದಿನ ಮತ್ತೆ ಬಂದು ಕೂರುತ್ತಿದ್ದರು.

ಕೂರದೆ ಇದ್ದವಳು ಒಬ್ಬಳೇ, ಅವನ ಅಕ್ಕ. ಅಕ್ಕ ಟೈಲರು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಊರಿನ ಮೂರು ಶಾಲೆಗಳ ಯೂನಿಫಾರ್ಮು ಅವಳ ಮಿಷನ್ನಿನ ಸೂಜಿಯ ಕೆಳಗೇ ಹಾದು ಬರಬೇಕು. ಕೊರಳಲ್ಲಿ ಸದಾ ಅಳತೆ ಟೇಪು, ಕಿವಿಯ ಹಿಂದೆ ಪೆನ್ಸಿಲು. ಟೇಪು ಹಿಡಿಯದೆ ಅವಳು ಯಾವ ಮಾತನ್ನೂ ಒಳಗೆ ಬಿಟ್ಟುಕೊಂಡವಳಲ್ಲ. ನಗರ ಸರಿದ ಕತೆಯನ್ನು ಮೊದಲ ಸಲ ಕೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ, ನಾಲ್ಕಡಿ ಅಂತ ಅಳೆದೋರು ಯಾರು. ಭೂಗೋಳನಿಗೆ ಆ ರಾತ್ರಿ ಊಟ ಸೇರಿರಲಿಲ್ಲ.

ಮಗಳಿಗೆ ಎರಡು ವರ್ಷವಿದ್ದಾಗ ಭೂಗೋಳನ ಹೆಂಡತಿ ತೀರಿಹೋಗಿದ್ದಳು. ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲಿರುವವನ ಕೈಯಲ್ಲಿ ಮಗು ಬೆಳೆಯುವುದುಂಟೇ? ಅಕ್ಕ ಬೆಳೆಸಿದಳು. ಶಾಲೆಯ ಪುಸ್ತಕದಲ್ಲಿ ಪೋಷಕರು ಎಂಬಲ್ಲಿ ಇದ್ದದ್ದು ಅಕ್ಕನ ಸಹಿಯೇ. ಭೂಗೋಳನ ಪಾಲಿಗೆ ಇದ್ದದ್ದು ಕಲ್ಲು.

ಕಲ್ಲಿನ ವಿಷಯ ಹೀಗೆ. ದೂರದ ದಾರಿ ಮುಗಿಸಿ ಬಂದ ಲಾರಿಯ ಟೈರಿನ ಗೀರುಗಳಲ್ಲಿ ಕಲ್ಲು ಕಚ್ಚಿಕೊಂಡಿರುತ್ತವೆ. ಹಾಗೇ ಬಿಟ್ಟರೆ ರಬ್ಬರನ್ನು ತಿಂದು ಹಾಕುತ್ತವೆ. ಅದಕ್ಕೇ ಭೂಗೋಳ ಪ್ರತಿ ಸಲವೂ ಊರಿನ ಲಾರಿ ಯಾರ್ಡಿಗೆ ಬಂದ ಮೇಲೆ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಸ್ಕ್ರೂಡ್ರೈವರಿನಿಂದ ಒಂದೊಂದೇ ಮೀಟಿ ಕೆಡವುತ್ತಿದ್ದ. ಒಂದನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬರುತ್ತಿದ್ದ. ಇದು ಬಂದರು ನಗರದ ದೀಪಸ್ತಂಭದ ಬುಡದ್ದು, ಮಗಳೇ. ಇದು ಅರಮನೆಯ ಏಳನೇ ಮೆಟ್ಟಿಲಿಂದ ಉದುರಿದ್ದು, ಕಾವಲುಗಾರ ನೋಡಿದ್ರೆ ನನ್ನ ಕತೆ ಮುಗೀತಿತ್ತು. ಮಗಳು ಕಲ್ಲಿಗೆ ಕಾಗದದ ಚೀಟಿ ಅಂಟಿಸಿ ಬಿಸ್ಕತ್ತಿನ ಡಬ್ಬಿಯಲ್ಲಿಡುತ್ತಿದ್ದಳು. ಆರನೇ ವಯಸ್ಸಿಗೆ ಒಂದು ಡಬ್ಬಿ, ಹದಿನೇಳಕ್ಕೆ ಹನ್ನೊಂದು. ಆ ಡಬ್ಬಿಗಳ ಭಾರಕ್ಕೆ ಮನೆಯೇ ಒಂದು ಕಡೆ ವಾಲಿತ್ತು ಎಂದರೆ ಹೆಚ್ಚಾದೀತು. ಕಪಾಟು ವಾಲಿದ್ದಂತೂ ನಿಜ.

ಹದಿನೇಳು ತುಂಬಿದ ಮಗಳು ಒಂದು ಸೋಮವಾರ ಫಾರಂ ತಂದು ಮಿಷನ್ನಿನ ಮೇಲಿಟ್ಟಳು. ಭೂವಿಜ್ಞಾನ ಓದುತ್ತಾಳಂತೆ, ಸೀಟು ಇದೆ ಬಾ ಎಂದು ಫಾರಮ್ಮಿನ ಜೊತೆ ಕಾಗದವೂ ಬಂದಿತ್ತು. ಅದನ್ನು ಕಲಿಸುವ ಕಾಲೇಜುಗಳಿದ್ದದ್ದು ಮೂರೇ ಕಡೆ: ಬಂದರು ನಗರ, ಸೇತುವೆಗಳ ನಗರ, ಗಡಿಯಾರದ ನಗರ. ಒಂದನ್ನು ಆರಿಸಿ ಬರೆಯಬೇಕು, ಕೆಳಗೆ ಪೋಷಕರ ಸಹಿ ಬೇಕು, ಶುಕ್ರವಾರ ಕೊನೆಯ ದಿನ.

ಅಕ್ಕ ಫಾರಮ್ಮನ್ನು ಬಟ್ಟೆ ನೋಡಿದ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಕಲ್ಲು ನೋಡೋಕೆ ಕಾಲೇಜು ಯಾಕೆ ಬೇಕು? ಅಂಗಳಕ್ಕೆ ಇಳಿದ್ರೆ ಸಾಕಲ್ಲ."

ಊರಲ್ಲೇ ಒಂದು ಕಾಲೇಜಿತ್ತು, ನಡೆದು ಹೋದರೆ ಹತ್ತು ನಿಮಿಷ. ಅಂಗಡಿಯ ಮೂಲೆಯಲ್ಲಿ ಎರಡನೇ ಮಿಷನ್ನೂ ಇತ್ತು. ಮಗಳಿಗೆಂದೇ ಮೂರು ವರ್ಷದ ಹಿಂದೆ ತಂದು, ಧೂಳು ಬೀಳದಂತೆ ಹೂವಿನ ಬಟ್ಟೆ ಹೊದಿಸಿ ಇಟ್ಟಿದ್ದಳು. ದಿನಾ ಬೆಳಗ್ಗೆ ಆ ಬಟ್ಟೆ ಕೊಡವುವಾಗ ಅಕ್ಕನ ಮುಖದಲ್ಲಿ ಒಂದು ನೆಮ್ಮದಿ ಇರುತ್ತಿತ್ತು. ಮಗಳು ಆ ಮಿಷನ್ನಿನ ಕಡೆ ನೋಡಲಿಲ್ಲ. ನಾನು ಹೋಗ್ತೀನಿ ಅತ್ತೆ ಎಂದಷ್ಟೇ ಹೇಳಿ, ಡಬ್ಬಿ ಬಿಚ್ಚಿಕೊಂಡು ಕುಳಿತಳು. ಅತ್ತೆಯ ಎದುರು ಅಷ್ಟು ಚಿಕ್ಕ ದನಿಯಲ್ಲಿ ಅಷ್ಟು ದೊಡ್ಡ ಮಾತನ್ನು ಆ ಮನೆಯಲ್ಲಿ ಯಾರೂ ಆಡಿರಲಿಲ್ಲ.

ಭೂಗೋಳನ ರಕ್ತ ಕುದಿಯಿತು. ಸಂತೋಷಕ್ಕೆ.

"ಹೋಗೋದು ಹೋಗ್ತಾಳೆ ಅಕ್ಕ. ಯಾವ ಊರು ಅನ್ನೋದಷ್ಟೇ ಈಗಿನ ಮಾತು. ಮೂರೂ ಊರು ನನ್ನ ಅಂಗೈ ಮೇಲಿವೆ."

ಸರಿ, ಹೇಳು ಎಂದಳು ಅಕ್ಕ. ಕಿವಿಯ ಹಿಂದಿನ ಪೆನ್ಸಿಲು ತೆಗೆದು, ಅಳತೆ ಬರೆಯುವ ಪುಸ್ತಕದಲ್ಲಿ ಹೊಸ ಪುಟ ತಿರುಗಿಸಿದಳು. ಭೂಗೋಳ ಹೇಳಿದ. ಬಂದರು ನಗರ ಬೇಡವೇ ಬೇಡ. ಗಾಳಿಯಲ್ಲಿ ಎಷ್ಟು ಉಪ್ಪೆಂದರೆ ಬಾಯಿ ತೆರೆದು ನಡೆದರೆ ಸಾಕು, ಊಟಕ್ಕೆ ಬೇರೆ ಹಾಕಬೇಕಿಲ್ಲ. ಅದಿರಲಿ, ಅಲ್ಲಿ ಲಾರಿ ತಿರುಗಿಸಲು ಜಾಗವಿಲ್ಲ. ಒಂದು ಲಾರಿಗೆ ಜಾಗ ಕೊಡದ ಊರು ಒಂದು ಹುಡುಗಿಗೆ ಏನು ಜಾಗ ಕೊಟ್ಟೀತು? ಸೇತುವೆಗಳ ನಗರದಲ್ಲಿ ಸರಕು ಇಳಿಸುವವರು ಮುಖ ಕೊಟ್ಟು ಮಾತಾಡುವುದಿಲ್ಲ. ಗೇಟಿನವನಿಗೆ ನಾಲ್ಕು ಸಲ ಹಾರನ್ ಹೊಡೆಯಬೇಕು. ಇನ್ನು ಗಡಿಯಾರದ ನಗರ! ಅಲ್ಲಿ ಡ್ರೈವರುಗಳಿಗೆಂದೇ ಎರಡು ನಲ್ಲಿ, ಒಂದರಲ್ಲಿ ಬಿಸಿನೀರು. ಗೇಟಿನ ಪಕ್ಕ ಮರ, ಮರದಡಿ ಬೆಂಚು, ಬೆಂಚಿನ ಮೇಲೆ ಚಹಾ. ಊರಿನ ಗುಣ ನಲ್ಲಿಯಲ್ಲಿ ಗೊತ್ತಾಗುತ್ತೆ ಅಕ್ಕ ಎಂದು ಅವನು ಮಾತು ಮುಗಿಸಿದ. ಇದನ್ನು ಮಾತ್ರ ಅವನು ಮನಸಾರೆ ನಂಬಿದ್ದ.

ಅಕ್ಕ ಬರೆದುಕೊಂಡದ್ದನ್ನು ಓದಿದಳು. "ನಲ್ಲಿ ಎರಡು. ಮರ ಒಂದು. ಬೆಂಚು ಒಂದು." ಕನ್ನಡಕದ ಮೇಲಿನಿಂದ ತಮ್ಮನನ್ನು ನೋಡಿದಳು. "ಕಾಲೇಜು ಎಲ್ಲಿದೆ?"

"ನಡುವಲ್ಲಿ."

"ಇವಳು ಮಲಗೋದೆಲ್ಲಿ? ಸಂಜೆ ಏಳಕ್ಕೆ ಆ ಬೀದೀಲಿ ದೀಪ ಇರುತ್ತಾ? ಜ್ವರ ಬಂದ್ರೆ ಯಾರ ಬಾಗಿಲು ತಟ್ಟಬೇಕು?"

ಭೂಗೋಳ ಎಲ್ಲಕ್ಕೂ ಉತ್ತರ ಕೊಟ್ಟ. ಬೀದಿದೀಪ ಎಷ್ಟು ಪ್ರಖರವೆಂದರೆ ಕೋಳಿಗಳು ಸಂಜೆಯೇ ಕೂಗುತ್ತವೆ. ಹೆಜ್ಜೆಗೊಬ್ಬ ಡಾಕ್ಟರು, ರೋಗಿಗಳೇ ಸಾಲದೆ ಒಬ್ಬರ ನಾಡಿ ಒಬ್ಬರು ಹಿಡಿದು ಕೂತಿರುತ್ತಾರೆ. ಅಕ್ಕ ಅದಾವುದನ್ನೂ ಬರೆದುಕೊಳ್ಳಲಿಲ್ಲ. ಪೆನ್ಸಿಲನ್ನು ವಾಪಸು ಕಿವಿಗೆ ಸಿಕ್ಕಿಸಿ, ಗುರುವಾರ ಅಂಗಡಿ ಮುಚ್ಚುತ್ತೇನೆ, ಕರೆದುಕೊಂಡು ಹೋಗಿ ತೋರಿಸು ಎಂದಳು. ಕಾಲೇಜು, ಇರುವ ಕೋಣೆ, ಎರಡನ್ನೂ ಕಣ್ಣಾರೆ ಕಂಡು ಒಪ್ಪಿಗೆಯಾದರೆ ಸಹಿ. ಇಲ್ಲದಿದ್ದರೆ ಎರಡನೇ ಮಿಷನ್ನಿನ ಬಟ್ಟೆ ತೆಗೆಯುವುದೇ.

ಭೂಗೋಳ ತಟ್ಟನೆ ನೆಪ ಹುಡುಕಿದ. ಗುರುವಾರ ಲೋಡು ಇರುತ್ತೆ ಎಂದ. ಯಾವ ಊರಿಗೆ ಎಂದು ಮಗಳು ಕೇಳಿದಳು. ಕೇಳುವಾಗ ತಲೆ ಎತ್ತಲಿಲ್ಲ. ಗುರುವಾರದ ಲೋಡು ಗಡಿಯಾರದ ನಗರಕ್ಕೇ ಇತ್ತು.

ಗುರುವಾರ ಬೆಳಕು ಹರಿಯುವ ಹೊತ್ತಿಗೆ ಅಕ್ಕ ಯಾರ್ಡಿನಲ್ಲಿದ್ದಳು. ಹತ್ತುವ ಮುಂಚೆ ಲಾರಿಗೆ ಒಂದು ಸುತ್ತು ಬಂದು ಚಕ್ರ ಎಣಿಸಿದಳು. ಹತ್ತಿದ್ದವು. ಉಳಿದ ಆರು ಸರ್ವಿಸಿಗೆ ಹೋಗಿವೆ ಎಂದು ಭೂಗೋಳ ಅಂದ. ಅಕ್ಕ ಹತ್ತಿ ಕಿಟಕಿಯ ಪಕ್ಕ ಕುಳಿತಳು, ಮಗಳು ನಡುವೆ, ತೊಡೆಯ ಮೇಲೆ ಒಂದು ಬಿಸ್ಕತ್ತಿನ ಡಬ್ಬಿ.

ದಾರಿಯುದ್ದಕ್ಕೂ ಭೂಗೋಳನ ಬಾಯಿ ಇಂಜಿನ್ನಿಗಿಂತ ಜೋರಾಗಿ ಓಡಿತು. ಹತ್ತೂವರೆ ಗಂಟೆಗೆ ರಿಂಗ್ ರೋಡು ಬಂತು. ಎಡಕ್ಕೆ ಊರೊಳಗೆ ಹೋಗುವ ದಾರಿ, ದಾರಿಯ ತಲೆಯಲ್ಲಿ ಹಲಗೆ: ಭಾರಿ ವಾಹನಗಳಿಗೆ ಪ್ರವೇಶವಿಲ್ಲ. ಭೂಗೋಳ ಅದನ್ನು ನೋಡದವನಂತೆ ನೇರ ಹೋದ. ಮುಂದಿನ ದಾರಿ ಇನ್ನೂ ಚೆನ್ನಾಗಿದೆ ಎಂದ. ಮುಂದಿನ ದಾರಿಯಲ್ಲೂ ಹಲಗೆ ಇತ್ತು. ಅದರ ಮುಂದಿನದರಲ್ಲೂ. ಅವನಿಗೆ ಆ ನಗರ ಅಂದರೆ ಒಂದು ಬಳೆ. ಬಳೆಯ ಮೇಲಿನ ಗೋಡೌನು, ಪೆಟ್ರೋಲು ಬಂಕು, ಪಂಕ್ಚರ್ ಅಂಗಡಿ, ಗುಂಡಿ, ಎಲ್ಲವೂ ಕಣ್ಣು ಮುಚ್ಚಿದರೂ ಕಾಣುತ್ತಿದ್ದವು. ಬಳೆಯ ಒಳಗೆ ಕೈ ಇರುತ್ತದಲ್ಲ, ಅದನ್ನು ಮಾತ್ರ ಅವನು ನೋಡಿರಲಿಲ್ಲ. ಎಡಗಡೆ ದೂರದಲ್ಲಿ ಮನೆಗಳ ಮೇಲೆ ಗಡಿಯಾರದ ಗೋಪುರದ ತುದಿ ಕಾಣುತ್ತಿತ್ತು. ಎಷ್ಟು ಸುತ್ತಿದರೂ ಅದು ಅಷ್ಟೇ ದೂರದಲ್ಲಿ ನಿಂತಿತ್ತು.

ಮುಕ್ಕಾಲು ಗಂಟೆ ಕಳೆಯಿತು.

"ಈ ನೀರಿನ ಟ್ಯಾಂಕು ಎರಡನೇ ಸಲ ಬರ್ತಿದೆ," ಎಂದಳು ಅಕ್ಕ.

"ಇಲ್ಲಿ ಟ್ಯಾಂಕುಗಳು ಅವಳಿ ಜವಳಿ ಅಕ್ಕ."

"ಅದರ ಕೆಳಗಿನ ಕುಂಟ ಎಮ್ಮೇನೂ ಅವಳಿ ಜವಳಿನಾ?"

ಇನ್ನು ಉಳಿದದ್ದು ಅವನು ಸರಕು ಇಳಿಸುವ ಗೋಡೌನು. ಮರದಡಿ ಲಾರಿ ನಿಲ್ಲಿಸಿ, ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿ, ಭೂಗೋಳ ಗೇಟು ಕಾಯುವ ಅಜ್ಜನ ಬಳಿ ಹೋದ. ಕಾಲೇಜಿಗೆ ಯಾವ ಬಸ್ಸು ಹೋಗುತ್ತದೆ ಎಂದು ಉಸಿರಿನಲ್ಲೇ ಕೇಳಿದ. ಅಜ್ಜನಿಗೆ ನಲವತ್ತು ವರ್ಷದಿಂದ ಲಾರಿಗಳ ಸದ್ದಿನ ಮೇಲೆ ಮಾತಾಡಿ ಅಭ್ಯಾಸ. ಅವನು ಪಿಸುಗುಟ್ಟಿದರೂ ಪಕ್ಕದ ತಾಲೂಕಿಗೆ ಕೇಳುತ್ತದೆ.

"ಹದಿನಾಲ್ಕು ನಂಬರ್ ಬಸ್ಸು ಕಣೋ! ಇಪ್ಪತ್ತಾರು ವರ್ಷದಲ್ಲಿ ಒಂದಿನ ಊರೊಳಗೆ ಕಾಲಿಟ್ಟೋನಲ್ಲ ನೀನು. ಬೆಳಗ್ಗೆ ಇಳಿಸ್ತಿದ್ದೆ, ಸ್ನಾನ ಮಾಡ್ತಿದ್ದೆ, ಹೋಗ್ತಿದ್ದೆ. ಇವತ್ತೇನಪ್ಪಾ ಇದ್ದಕ್ಕಿದ್ದಂಗೆ ಕಾಲೇಜು?"

ಮರದ ಮೇಲಿನ ಕಾಗೆ ಕೂಡ ಕೂಗುವುದನ್ನು ನಿಲ್ಲಿಸಿ ಅಕ್ಕನ ಕಡೆ ನೋಡಿತು. ಅಕ್ಕ ರೇಗಲಿಲ್ಲ. ಕೊರಳಿನ ಟೇಪು ತೆಗೆದು ಬೆರಳಿಗೆ ಸುತ್ತತೊಡಗಿದಳು. ಅಂಗಡಿ ಮುಚ್ಚುವಾಗ ಅವಳು ಹಾಗೆ ಸುತ್ತುತ್ತಿದ್ದಳು.

"ನಲ್ಲಿ ಎರಡು, ಮರ ಒಂದು, ಬೆಂಚು ಒಂದು," ಎಂದಳು. "ನೀನು ಕಂಡ ಊರು ಇಷ್ಟೇನಾ? ಇದನ್ನ ನಂಬಿ ನಾನು ಹುಡುಗೀನ ಕಳಿಸಬೇಕಿತ್ತಾ? ಲಾರಿ ಹತ್ತು. ಮನೆಗೆ ಹೋಗೋಣ."

ಅಕ್ಕ ಹತ್ತು ಎಂದರೆ ಭೂಗೋಳ ಐವತ್ತೊಂದು ವರ್ಷದಿಂದ ಹತ್ತುತ್ತಿದ್ದ, ಇಳಿ ಎಂದರೆ ಇಳಿಯುತ್ತಿದ್ದ. ಅಂದು ಹತ್ತಲಿಲ್ಲ. ಲಾರಿಯ ಬಾಗಿಲಿಗೆ ಬೆನ್ನು ಕೊಟ್ಟು ಅಡ್ಡ ನಿಂತ. 

"ಸುಳ್ಳು ಹೇಳಿದ್ದು ನಾನು. ಅದಕ್ಕೆ ಅವಳು ಯಾಕೆ ಮಿಷನ್ ಮುಂದೆ ಕೂರಬೇಕು?"

ಅಕ್ಕನ ಬೆರಳು ನಿಂತಿತು.

"ಹದಿನೇಳು ಊರು ಅಂದೆ. ಹದಿನೇಳರದ್ದೂ ಬೆನ್ನು ಮಾತ್ರ ನೋಡಿದೀನಿ ಅಕ್ಕ. ಒಳಗೆ ಬಾ ಅಂತ ಯಾವ ಊರೂ ನನ್ನ ಕರೀಲಿಲ್ಲ. ಇವಳನ್ನ ಕರೆದಿದೆ, ಕಾಗದದಲ್ಲಿ ಬರೆದು ಕರೆದಿದೆ. ನಾನಂತೂ ವಾಪಸ್ ಕರ್ಕೊಂಡು ಹೋಗಲ್ಲ. ನೀನು ಬೇಕಿದ್ರೆ ಲಾರಿ ಓಡಿಸ್ಕೊಂಡು ಹೋಗು."

ಆಗ ಮಗಳು ಬೆಂಚಿನ ಮೇಲೆ ಡಬ್ಬಿ ಬಿಚ್ಚಿದಳು. ಚೀಟಿ ಅಂಟಿಸಿದ ಕಲ್ಲುಗಳನ್ನು ಒಂದೊಂದಾಗಿ ಸಾಲಿಟ್ಟಳು. ದೀಪಸ್ತಂಭ, ಅರಮನೆ, ಮೆಟ್ಟಿಲುಗಳ ನಗರ. ಎಲ್ಲವೂ ಕಪ್ಪು, ಎಲ್ಲವೂ ಒಂದೇ ಮೈಯ ಜಲ್ಲಿ.

"ಅತ್ತೆ, ಇವೆಲ್ಲ ನಮ್ಮೂರಿನ ಲಾರಿ ಯಾರ್ಡಿನ ಕಲ್ಲು. ಅಪ್ಪ ಟೈರಿನ ಕಲ್ಲು ಬಿಡಿಸ್ತಿದ್ದದ್ದು ಅಲ್ಲಿಗೆ ಬಂದ ಮೇಲೆ ತಾನೇ? ಕೊನೇಲಿ ಯಾರ್ಡಿನ ಜಲ್ಲಿ ಮೇಲೆ ಉರುಳುವಾಗ ಸಿಕ್ಕಿಕೊಂಡಿದ್ದೇ ಇವು. ನನಗೆ ಹನ್ನೆರಡನೇ ವಯಸ್ಸಲ್ಲೇ ಗೊತ್ತಾಯ್ತು."

ಭೂಗೋಳ ಇಪ್ಪತ್ತಾರು ವರ್ಷದಲ್ಲಿ ಇಂಥ ಗುಂಡಿಗೆ ಬಿದ್ದಿರಲಿಲ್ಲ. "ಗೊತ್ತಿದ್ದೂ ಚೀಟಿ ಅಂಟಿಸ್ತಿದ್ದೆಯಾ?"

"ನೀನು ಅಷ್ಟು ಕಷ್ಟಪಟ್ಟು ಹೇಳ್ತಿದ್ದೆ."

ಆಮೇಲೆ ಅವಳು ಡಬ್ಬಿಯ ತಳದಿಂದ ಬಟ್ಟೆಯಲ್ಲಿ ಸುತ್ತಿದ ಇನ್ನೊಂದು ಕಲ್ಲು ತೆಗೆದಳು. ಹಳದಿ ಬಣ್ಣದ್ದು, ಮೈಮೇಲೆ ಕಪ್ಪೆಚಿಪ್ಪಿನ ಅಚ್ಚು, ಒಂದೊಂದು ಗೆರೆಯೂ ಕಾಣುವಂತಿತ್ತು. ಸಾವಿರ ಕಲ್ಲಿನಲ್ಲಿ ಇದೊಂದೇ ಬೇರೆ. ಹಿಂದಿನ ಜೋಡಿ ಚಕ್ರಗಳ ಸಂದಿಯಲ್ಲಿ ಗಟ್ಟಿಯಾಗಿ ಸಿಕ್ಕಿ ದಾರಿಯುದ್ದಕ್ಕೂ ಬೀಳದೆ ಬಂದಿತ್ತು. ಆ ಸಲ ಅಪ್ಪನ ಬೂಟಿನ ತುಂಬ ಇದೇ ಹಳದಿ ಮಣ್ಣಿತ್ತು, ಗಡಿಯಾರದ ನಗರದಲ್ಲಿ ಗೋಡೌನಿನ ಹಿಂದೆ ಅಗೆಯುತ್ತಿದ್ದಾರೆ ಎಂದು ಬೈದುಕೊಳ್ಳುತ್ತಾ ತೊಳೆದಿದ್ದ. ಅಂದೇ ಅವಳು ತನ್ನ ಊರನ್ನು ಆರಿಸಿಕೊಂಡಿದ್ದಳು. ಫಾರಮ್ಮಿನಲ್ಲಿ ಅದರ ಹೆಸರನ್ನು ಪೆನ್ನಿನಲ್ಲೇ ಬರೆದೂ ಆಗಿತ್ತು.

ಮಗಳು ಎದ್ದು ಗೋಡೌನಿನ ಹಿಂದಕ್ಕೆ ನಡೆದಳು. ಇಬ್ಬರೂ ಹಿಂದೆ ಹೋದರು. ಅಗೆದು ಬಿಟ್ಟ ದಿಬ್ಬದ ಮೈ ಕೇಕು ಕತ್ತರಿಸಿದಂತೆ ಪದರ ಪದರವಾಗಿ ನಿಂತಿತ್ತು. ನಡುವಿನ ಪದರ ಹಳದಿ, ಅದರ ತುಂಬ ಚಿಪ್ಪಿನ ಚುಕ್ಕೆಗಳು. ಕೈಯಲ್ಲಿದ್ದ ಕಲ್ಲನ್ನು ಅವಳು ಅದಕ್ಕೆ ಹಿಡಿದು ತೋರಿಸಿದಳು. ಒಂದು ಕಾಲದಲ್ಲಿ ಇಲ್ಲಿ ಸಮುದ್ರವಿತ್ತಂತೆ.

"ಇತ್ತು," ಎಂದ ಭೂಗೋಳ, ಬಾಯಿ ತಡೆಯದೆ. "ನಾನು ಮೊದಲ ಸಲ ಬಂದಾಗ ಇನ್ನೂ ಸ್ವಲ್ಪ ನೀರಿತ್ತು."

ಅಕ್ಕ ಮುಖ ಆ ಕಡೆ ತಿರುಗಿಸಿದಳು. ಹೆಗಲು ಅಲುಗಿದ್ದು ನಗುವಿಗೋ ಇನ್ನಾವುದಕ್ಕೋ ಹೇಳುವಂತಿರಲಿಲ್ಲ. ಆಮೇಲೆ ಬೆರಳಿಗೆ ಸುತ್ತಿದ್ದ ಟೇಪನ್ನು ಬಿಚ್ಚಿ ಆ ಹಳದಿ ಪದರಕ್ಕೆ ಹಿಡಿದಳು. ಮೂರೂಕಾಲು ಅಡಿ. ಪುಸ್ತಕದಲ್ಲಿ ಬರೆದುಕೊಂಡಳು.

"ಹದಿನಾಲ್ಕು ನಂಬರ್ ಅಂದನಲ್ಲ ಆ ಅಜ್ಜ," ಎಂದಳು. "ನಡೀರಿ. ಕೋಣೆ ನೋಡದೆ ನಾನು ಸಹಿ ಹಾಕೋಳಲ್ಲ."

ಬಸ್ಸಿನಲ್ಲಿ ಭೂಗೋಳ ಕಂಬಿ ಹಿಡಿದು ನಿಂತ. ಇಳಿಯುವ ಬಾಗಿಲಿನಿಂದ ಹತ್ತಿ ಕಂಡಕ್ಟರನಿಂದ ಬೈಸಿಕೊಂಡಿದ್ದ. ಹಲಗೆ ದಾಟಿ ಬಸ್ಸು ಒಳಗೆ ತಿರುಗಿದಾಗ ತಲೆ ಬಗ್ಗಿಸಿ ಕಿಟಕಿಯಲ್ಲಿ ನೋಡಿದ. ಬ್ರೆಡ್ಡಿನ ಅಂಗಡಿ, ಕನ್ನಡಕದ ಅಂಗಡಿ, ಬಾಲ್ಕನಿಯಲ್ಲಿ ಒದ್ದೆ ಬಟ್ಟೆ ಹಿಂಡುತ್ತಿದ್ದ ಒಬ್ಬ ಹೆಂಗಸು, ಪುಸ್ತಕದ ಚೀಲ ನೇತು ಹಾಕಿಕೊಂಡು ರಸ್ತೆ ದಾಟುತ್ತಿದ್ದ ಹುಡುಗಿಯರು. ಗಡಿಯಾರದ ಗೋಪುರ ಕೊನೆಗೂ ಹತ್ತಿರ ಬಂತು. ಅವನು ಒಂದು ಮಾತೂ ಆಡಲಿಲ್ಲ. ಅಕ್ಕ ಎರಡು ಸಲ ತಿರುಗಿ ನೋಡಿದಳು, ಹುಷಾರು ತಪ್ಪಿತೇ ಎಂದು.

ಕಾಲೇಜಿನ ಹಾಸ್ಟೆಲು ಮೂರನೇ ಮಹಡಿಯಲ್ಲಿತ್ತು. ಅಕ್ಕ ಮಂಚ ಅಳೆದಳು, ಕಿಟಕಿ ಅಳೆದಳು, ಬಾಗಿಲಿನ ಚಿಲಕವನ್ನು ಆರು ಸಲ ಹಾಕಿ ತೆಗೆದಳು. ವಾರ್ಡನ್ ಹೆಂಗಸನ್ನು ಜ್ವರದ ವಿಷಯ ಕೇಳಿದಳು, ಕೇಳುತ್ತಲೇ ಅವಳ ತೋಳಿನ ಅಳತೆಯನ್ನೂ ಕಣ್ಣಲ್ಲೇ ತೆಗೆದುಕೊಂಡಳು. ಏಳು ಗಂಟೆಯ ದೀಪಕ್ಕೆ ಬೀದಿಯ ಕಂಬಗಳನ್ನು ಎಣಿಸಿದಳು. ಆಮೇಲೆ ಕಿಟಕಿಯ ಕಟ್ಟೆಯ ಮೇಲೆ ಫಾರಂ ಹರಡಿ, ಪೆನ್ನಿನ ತುದಿಯನ್ನು ಸಹಿಯ ಜಾಗದ ಮೇಲೆ ತಂದು ನಿಲ್ಲಿಸಿದಳು. 

"ಮುಖ್ಯ ಬೀದಿ ಇದೇ ತಾನೇ?" ಅಕ್ಕ ಕಿಟಕಿಯ ಕೆಳಕ್ಕೆ ಗದ್ದದಲ್ಲೇ ತೋರಿಸಿದಳು. "ಸೊಟ್ಟ ಎಲ್ಲಿದೆ?"

ಭೂಗೋಳ ಬಗ್ಗಿ ನೋಡಿದ. ಬೀದಿ ಗೋಪುರದಿಂದ ಆಚೆ ತುದಿಯವರೆಗೆ ನೂಲು ಹಿಡಿದು ಎಳೆದ ಹಾಗೆ ನೆಟ್ಟಗಿತ್ತು. ಒಂದು ಸೊಗಸಾದ ಸುಳ್ಳು ನಾಲಿಗೆಯ ತುದಿಗೆ ಬಂತು: ರಿಪೇರಿ ಮಾಡಿಸಿದ್ದಾರೆ, ಮೇಯರು ಸ್ವತಃ ನಿಂತು. ಪೆನ್ನಿನ ತುದಿ ಕಾಗದದ ಮೇಲೆ ಕಾಯುತ್ತಿತ್ತು. ಮಗಳು ಅವನನ್ನೇ ನೋಡುತ್ತಿದ್ದಳು. ಅವನು ಸುಳ್ಳನ್ನು ನುಂಗಿದ. ಅದು ಗಂಟಲಲ್ಲಿ ಇಳಿಯಲು ಸಾಕಷ್ಟು ಹೊತ್ತು ಹಿಡಿಯಿತು.

"ನಗರ ಅಲ್ಲ ಅಕ್ಕ. ಗೋಡೌನಿನ ಕಾಂಪೌಂಡು ಗೋಡೆ."

"ನಾಲ್ಕಡಿ?"

"ನಾಲ್ಕು ಬೆರಳು."

ಅಕ್ಕ ತನ್ನ ನಾಲ್ಕು ಬೆರಳು ಜೋಡಿಸಿ ನೋಡಿಕೊಂಡಳು. ಇದು ನಂಬುವಂಥ ಅಳತೆ ಎಂಬಂತೆ ತಲೆಯಾಡಿಸಿ, ಸರಕ್ಕನೆ ಸಹಿ ಹಾಕಿದಳು. ಶಾಯಿ ಆರಲೆಂದು ಊದುತ್ತಾ, ತಲೆ ಎತ್ತದೆ ಕೇಳಿದಳು:

"ಮತ್ತೆ ಮಂಚದಿಂದ ಬಿದ್ದ ಮೇಯರು?"

"ಗೇಟಿನ ಅಜ್ಜ," ಎಂದ ಭೂಗೋಳ. "ಸ್ಟೂಲಿಂದ. ಅದೂ ಬೀಳಲಿಲ್ಲ, ಹಿಡ್ಕೊಂಡ."